ಅಟ್ಟದ ತೆನೆ, ಟ್ರೇಯ ಮೇವು

ಒಂದು ಲೆಕ್ಕ ಕೇಳಿ, ಮಕ್ಕಳೇ. ಒಂದು ಕಿಲೋ ಮುಸುಕಿನ ಜೋಳದ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಪ್ಲಾಸ್ಟಿಕ್ ಟ್ರೇಯಲ್ಲಿ ಹರಡಿ, ದಿನಕ್ಕೆ ಐದಾರು ಸಲ ನೀರು ಚಿಮುಕಿಸುತ್ತಾ ಬಂದರೆ ಎಂಟನೆಯ ದಿನಕ್ಕೆ ಅದೇ ಟ್ರೇಯಲ್ಲಿ ಐದರಿಂದ ಆರು ಕಿಲೋ ಹಸಿರು ಮೇವು ನಿಂತಿರುತ್ತದೆ. ಹಿಡಿ ಮಣ್ಣು ಹಾಕಿಲ್ಲ, ಚಿಟಿಕೆ ಗೊಬ್ಬರ ಹಾಕಿಲ್ಲ. ಹಾಗಾದರೆ ಹೆಚ್ಚಿಗೆ ಬಂದ ಆ ನಾಲ್ಕೈದು ಕಿಲೋ ಎಲ್ಲಿಂದ ಬಂತು?

ಆರನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳನ್ನು ಇದೇ ಪ್ರಶ್ನೆ ಕೇಳಿದೆ. "ಬಿಸಿಲಿನಿಂದ ತಾತ" ಎಂದಳು. "ಬಿಸಿಲಿಗೆ ತೂಕ ಇದೆಯೇನೇ?" ಎಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಗಾಳಿಯಿಂದ" ಎಂದಳು. ಉತ್ತರವನ್ನು ಆಮೇಲೆ ಹೇಳುತ್ತೇನೆ. ನೀವೂ ಅಷ್ಟರೊಳಗೆ ಯೋಚಿಸುತ್ತಿರಿ. ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದ ಮೇಷ್ಟ್ರಿಗೆ ಉತ್ತರವನ್ನು ತಡೆದು ಹೇಳುವ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ನಮ್ಮದು ಚಾಮರಾಜನಗರ ಜಿಲ್ಲೆಯ ಹನೂರು ಸೀಮೆ. ಮಳೆ ನಂಬಿದ ಹೊಲ. ರಾಗಿ, ಮುಸುಕಿನ ಜೋಳ, ಸಾಲಿನ ಮಧ್ಯೆ ಅವರೆ. ಶಿವರಾತ್ರಿ ಕಳೆಯಿತೆಂದರೆ ಬದುವಿನ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಅಲ್ಲಿಂದ ಮುಂಗಾರಿನ ಮೊದಲ ಹದ ಮಳೆ ಬೀಳುವ ತನಕ ದನಕರುಗಳಿಗೆ ರಾಗಿ ಹುಲ್ಲೇ ಗತಿ. ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯೊಂದರಲ್ಲೇ ನಾಲ್ಕು ಮನೆಯವರು ಹಸು ಮಾರಿದರು. ನಮ್ಮ ಮಗನೂ ಒಂದು ಸಂಜೆ ಗಂಗೆಯ ಮೈ ಸವರುತ್ತಾ, "ಮಾರಿಬಿಡೋಣವಾ ಅಪ್ಪ? ಮಳೆ ಬಂದ ಮೇಲೆ ಬೇರೆ ತರೋಣ" ಎಂದ. ಗಂಗೆ ನಮ್ಮ ಮಿಶ್ರತಳಿ ಹಸು. ಮೂರನೆಯ ಕರು ಹಾಕಿ ಎರಡು ತಿಂಗಳಾಗಿತ್ತು. ಬೇಸಿಗೆಯಲ್ಲಿ ಮಾರುವ ಹಸುವಿಗೆ ಸಿಗುವ ಬೆಲೆಗೆ ಮಳೆಗಾಲದಲ್ಲಿ ಅಂಥದೇ ಹಸು ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಅದೇ ವಾರ ಅವನು ಇನ್ನೊಂದು ಮಾತನ್ನೂ ಆಡಿದ್ದ. ಹತ್ತು ಗುಂಟೆಯಲ್ಲಿ ನನ್ನ ಮನೆಯಾಕೆ ಪ್ರತಿ ವರ್ಷ ಹಾಕಿಸುವ ನಾಟಿ ಮುಸುಕಿನ ಜೋಳವನ್ನು ಇನ್ನು ನಿಲ್ಲಿಸೋಣ ಎಂದು. ಅವಳು ತವರಿನಿಂದ ತಂದ ಬೀಜ ಅದು. ಗಿಡ ಎತ್ತರ, ತೆನೆ ಸಣ್ಣದು, ಕಾಳು ಬಿಳಿ, ಗುಂಡಗೆ, ಗಾಜಿನ ಹಾಗೆ ಗಟ್ಟಿ. ಹತ್ತು ಗುಂಟೆಗೆ ಒಂದೂವರೆ ಕ್ವಿಂಟಲ್ ಬಂದರೆ ದೊಡ್ಡದು. ಮಂಡಿಯಲ್ಲಿ ಕೊಳ್ಳುವವರಿಗೆ ಬೇಕಿರುವುದು ಕೋಳಿ ಆಹಾರಕ್ಕೆ ಹೋಗುವ ಹಳದಿ ಹೈಬ್ರಿಡ್. ಬಿಳಿ ಕಾಳು ತೆಗೆದುಕೊಂಡು ಹೋದರೆ ಮೂಟೆ ಬಿಚ್ಚಿ ನೋಡಿ ಮುಖ ತಿರುಗಿಸುತ್ತಾರೆ. ಮನೆಯಲ್ಲಿ ಸುಟ್ಟು ತಿನ್ನಲು, ಹುರಿದು ತಿನ್ನಲು ಎಷ್ಟು ಬೇಕು? ಮಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಎರಡು ತೊಂದರೆಗಳನ್ನು ಒಟ್ಟಿಗೆ ಕಟ್ಟಿದರೆ ಹೇಗೆ ಎಂದು ನನಗೆ ಹೊಳೆದದ್ದು ಆಗ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ಹೈಡ್ರೋಪೋನಿಕ್ ಮೇವಿನ ಬಗ್ಗೆ ಓದಿದ್ದೆ. ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್. ಅವರು ಪೋಷಕಾಂಶ ಕರಗಿಸಿದ ನೀರಿನಲ್ಲಿ ಟೊಮೆಟೊ ಬೆಳೆದು ತೋರಿಸಿದ್ದರು. ಮೇವಿಗೆ ಅದೂ ಬೇಕಿಲ್ಲ, ಬರೀ ನೀರು ಸಾಕು. ನಮ್ಮ ದೇಶದಲ್ಲಿ ಹಳೇ ಗೋವಾದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೇಂದ್ರದ ವಿಜ್ಞಾನಿಗಳು ಮುಸುಕಿನ ಜೋಳದ ಇಂಥ ಮೇವನ್ನು ಹಸುಗಳಿಗೆ ತಿನ್ನಿಸಿ ಅಳೆದು ನೋಡಿದ್ದಾರೆ. ಅವರ ಲೆಕ್ಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಅಂಶ. ಈ ಮೇವಿನ ಖರ್ಚಿನಲ್ಲಿ ಸುಮಾರು ತೊಂಬತ್ತು ಪಾಲು ಬೀಜದ್ದೇ. ಅಂದರೆ ಬೀಜ ಮನೆಯದಾದರೆ ಅರ್ಧ ಯುದ್ಧ ಗೆದ್ದಂತೆ.

ಬೀಜ ನಮ್ಮ ಅಟ್ಟದಲ್ಲೇ ಇತ್ತು!

ಯಾವ ಕಾಳು ಆಗುತ್ತದೆ, ಯಾವುದು ಆಗುವುದಿಲ್ಲ

ಅಂಗಡಿಯಲ್ಲಿ ಬಿತ್ತನೆಗೆಂದು ಮಾರುವ ಹೈಬ್ರಿಡ್ ಬೀಜ ನೋಡಿದ್ದೀರಾ? ಗುಲಾಬಿಯೋ ಕೆಂಪೋ ಬಣ್ಣ ಬಳಿದುಕೊಂಡಿರುತ್ತದೆ. ಚೆಂದಕ್ಕೆ ಬಳಿದದ್ದಲ್ಲ. ಶಿಲೀಂಧ್ರನಾಶಕ, ಕೆಲವು ಸಲ ಕೀಟನಾಶಕ ಹಚ್ಚಿದ್ದೇವೆ, ತಿನ್ನಬೇಡಿ ಎಂದು ಹೇಳುವ ಬಣ್ಣ ಅದು. ಆ ಬೀಜದಲ್ಲಿ ಮೇವು ಬೆಳೆದು ಹಸುವಿಗೆ ಹಾಕುವುದೆಂದರೆ ವಿಷವನ್ನು ಬೇರುಸಮೇತ ತಿನ್ನಿಸಿದಂತೆ. ತೊಳೆದರೆ ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಮಂಡಿಯ ಕಾಳು ಬಣ್ಣವಿಲ್ಲದ್ದು, ನಿಜ. ಆದರೆ ಯಂತ್ರದಲ್ಲಿ ಬಿಡಿಸುವಾಗ ಎಷ್ಟೋ ಕಾಳುಗಳ ಮೂತಿ ಒಡೆದಿರುತ್ತದೆ. ಮೊಳಕೆಯ ಕಣ್ಣು ಇರುವುದೇ ಆ ಮೂತಿಯಲ್ಲಿ. ಒಡೆದ ಕಾಳು ಟ್ರೇಯಲ್ಲಿ ಮೊಳೆಯುವುದಿಲ್ಲ, ಕೊಳೆಯುತ್ತದೆ. ಒಂದು ಕೊಳೆತರೆ ಸುತ್ತಲಿನ ಹತ್ತಕ್ಕೆ ಬೂಷ್ಟು ಹತ್ತುತ್ತದೆ.

ನಮ್ಮ ಮನೆಯ ನಾಟಿ ತೆನೆ ಹಾಗಲ್ಲ. ಸಿಪ್ಪೆಯನ್ನು ಹಿಂದಕ್ಕೆ ಸುಲಿದು, ಎರಡೆರಡು ತೆನೆ ಜಡೆ ಹಾಕಿ, ಒಲೆಯ ಮೇಲಿನ ಅಟ್ಟದ ಗಳುವಿಗೆ ನೇತು ಹಾಕಿರುತ್ತೇವೆ. ಹೊಗೆಗೆ ಹುಳ ಬರುವುದಿಲ್ಲ. ಬೇಕಾದಾಗ ಕೈಯಲ್ಲೇ ಬಿಡಿಸುತ್ತೇವೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಮ್ಮಗಳು ಪರೀಕ್ಷೆ ಮಾಡಿದಳು. ತೊಂಬತ್ತಮೂರು ಮೊಳೆತವು. ಎಂಬತ್ತಕ್ಕಿಂತ ಕಡಿಮೆ ಬಂದರೆ ಆ ಬೀಜ ಟ್ರೇಗೆ ಬೇಡ ಎಂಬುದು ನಮ್ಮ ಮನೆಯ ಕಟ್ಟಳೆ. ಇನ್ನೊಂದು ಲಾಭವೂ ಉಂಟು. ನಮ್ಮ ಕಾಳು ಸಣ್ಣದು, ಸಾವಿರ ಕಾಳಿಗೆ ಇನ್ನೂರು ಗ್ರಾಂ. ಕಾಳು ಸಣ್ಣದಾದಷ್ಟೂ ಒಂದು ಕಿಲೋದಲ್ಲಿ ಮೊಳಕೆಗಳ ಸಂಖ್ಯೆ ಹೆಚ್ಚು, ಚಾಪೆ ಒತ್ತಾಗಿ ಹೆಣೆದುಕೊಳ್ಳುತ್ತದೆ.

ನಾಟಿ ಬೀಜದ ಅಭಿಮಾನಕ್ಕೆ ಸುಳ್ಳು ಸೇರಿಸಲಾರೆ. ಹೈಬ್ರಿಡ್ ಬೆಳೆಯಲ್ಲಿ ಬಂದ ಕಾಳನ್ನೂ ಔಷಧ ತಾಗಿಸದೆ, ಒಡೆಯದ ಹಾಗೆ ಕೈಯಲ್ಲಿ ಬಿಡಿಸಿಟ್ಟುಕೊಂಡರೆ ಮೇವಿಗೆ ಅದೂ ಮೊಳೆಯುತ್ತದೆ. ಆದರೆ ಹಾಗೆ ಜೋಪಾನ ಮಾಡುವವರು ಯಾರು? ಜೋಪಾನದ ಅಭ್ಯಾಸ ಉಳಿದಿರುವುದು ನಾಟಿ ಬೀಜದ ಜೊತೆಯಲ್ಲೇ.

ಕೆಲಸ ಇಷ್ಟೇ

ಕೊಟ್ಟಿಗೆಯ ಪಕ್ಕದಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಮೇಲೆ ತೆಂಗಿನ ಸೋಗೆ, ಸುತ್ತ ಹಸಿರು ನೆರಳು ಬಲೆ ಹಾಕಿದೆವು. ಎರಡು ಅಡಿಗೆ ಒಂದೂವರೆ ಅಡಿಯ ಹತ್ತು ಟ್ರೇ, ತಳದಲ್ಲಿ ನೀರು ಬಸಿಯಲು ತೂತು. ನೋಡಲು ಬಂದ ಪಕ್ಕದ ಮನೆಯವರು, "ಇದೇನ್ ಮೇಷ್ಟ್ರೇ, ಹಟ್ಟಿ ಒಳಗೇ ಹೊಲ ಮಾಡ್ಬುಟ್ರಾ?" ಎಂದು ನಕ್ಕರು.

ಒಂದು ಟ್ರೇಗೆ ಒಂದೂವರೆ ಕಿಲೋ ಕಾಳು. ಮೊದಲು ನೀರಿಗೆ ಸುರಿದು ತೇಲುವ ಜಳ್ಳು ತೆಗೆಯಬೇಕು. ಎರಡು ಮೂರು ನೀರಿನಲ್ಲಿ ತೊಳೆದು ಒಂದು ಹಗಲು ಒಂದು ರಾತ್ರಿ ನೆನೆಹಾಕಬೇಕು. ನಾಟಿ ಕಾಳು ಗಟ್ಟಿ, ಅವಸರ ಮಾಡಿದರೆ ಒಳಗೆ ನೀರು ಇಳಿಯುವುದಿಲ್ಲ. ಆಮೇಲೆ ನೀರು ಬಸಿದು ಒದ್ದೆ ಗೋಣಿಚೀಲದಲ್ಲಿ ಕಟ್ಟಿಟ್ಟರೆ ಮರುದಿನ ಬಿಳಿ ಮೂತಿ ಇಣುಕುತ್ತದೆ. ನೀವು ಹೆಸರುಕಾಳು ಮೊಳಕೆ ಕಟ್ಟುವುದಿಲ್ಲವೇ, ಹಾಗೆಯೇ. ಆಗ ಟ್ರೇಯಲ್ಲಿ ಹರಡಬೇಕು. ಬೆರಳಿನ ದಪ್ಪಕ್ಕಿಂತ ಎತ್ತರ ಬೇಡ. ದಪ್ಪವಾದರೆ ಅಡಿಯ ಕಾಳು ಕಾವಿಗೆ ಬೆಂದು ಹುಳಿ ವಾಸನೆ ಬರುತ್ತದೆ. ಅಲ್ಲಿಂದ ಮುಂದೆ ಬೆಳಗಿನಿಂದ ಸಂಜೆಯವರೆಗೆ ಐದಾರು ಸಲ ಸಣ್ಣಗೆ ನೀರು. ಶಾಲೆಗೆ ರಜೆ ಇದ್ದದ್ದರಿಂದ ನೀರಿನ ಸರದಿ ಮೊಮ್ಮಗಳದ್ದು. ಮೂರನೆಯ ದಿನ ಬೇರು ಹೆಣೆಯುತ್ತದೆ, ಐದನೆಯ ದಿನ ಹಸಿರು ಚಿಗುರು ಗೇಣಿನ ಅರ್ಧಕ್ಕೆ ಬರುತ್ತದೆ, ಎಂಟನೆಯ ದಿನ ಗೇಣು ದಾಟುತ್ತದೆ. ಟ್ರೇ ಬೋರಲು ಹಾಕಿದರೆ ಬೇರು, ಕಾಳು, ಎಲೆ ಒಂದೇ ಕಂಬಳಿಯ ಹಾಗೆ ಕಳಚಿ ಬರುತ್ತದೆ. ಹಸು ಅದನ್ನು ಬೇರೂ ಬಿಡದೆ ತಿನ್ನುತ್ತದೆ.

ದಿನಕ್ಕೊಂದು ಟ್ರೇ ಕೀಳುವುದು, ದಿನಕ್ಕೊಂದು ಟ್ರೇ ತುಂಬುವುದು. ಸುಮಾರು ಎಂಟು ಕಿಲೋ ಮೇವು. ನೀರಿನ ವಿಷಯದಲ್ಲಿ ಇದು ನಿಜವಾಗಿಯೂ ಮಿತವ್ಯಯಿ. ಒಂದು ಕಿಲೋ ಮೇವಿಗೆ ಎರಡು ಮೂರು ಲೀಟರ್ ಸಾಕು. ಬಸಿದ ನೀರೂ ಹಾಳಾಗುವುದಿಲ್ಲ. ನಾವು ಅದನ್ನು ನುಗ್ಗೆಗಿಡದ ಬುಡಕ್ಕೆ ಬಿಟ್ಟಿದ್ದೇವೆ.

ಈಗ ಆ ಲೆಕ್ಕಕ್ಕೆ ಬರೋಣ

ಒಂದು ಕಿಲೋ ಐದೂವರೆ ಕಿಲೋ ಆದದ್ದು ಹೇಗೆ? ಉತ್ತರ: ನೀರು. ಹೆಚ್ಚಾದದ್ದೆಲ್ಲ ನೀರೇ.

ಒಣ ಕಾಳಿನ ಒಂದು ಕಿಲೋದಲ್ಲಿ ನೀರು 120 ಗ್ರಾಂನಷ್ಟು ಇದ್ದರೆ ಉಳಿದ 880 ಗ್ರಾಂ ಒಣ ಪದಾರ್ಥ. ಎಂಟು ದಿನದ ಮೇವಿನಲ್ಲಿ ಒಣ ಪದಾರ್ಥ ನೂರಕ್ಕೆ ಹನ್ನೊಂದರಿಂದ ಹದಿನಾಲ್ಕು ಪಾಲು ಮಾತ್ರ. ಹದಿನಾಲ್ಕೇ ಎಂದು ಹಿಡಿಯಿರಿ. ಐದೂವರೆ ಕಿಲೋಗೆ 770 ಗ್ರಾಂ ಆಯಿತು. ಅಂದರೆ ಒಣ ಪದಾರ್ಥ ಹೆಚ್ಚಾಗಲಿಲ್ಲ, 110 ಗ್ರಾಂ ಕಡಿಮೆಯಾಯಿತು! ಮೊಳಕೆ ಉಸಿರಾಡುತ್ತದೆ. ಕಾಳಿನಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಅದನ್ನು ಉರಿಸಿ ಬೆಳೆಯುತ್ತದೆ. ಉರಿದದ್ದು ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಎಲೆ ಹಸಿರಾಗಿ ತಾನೇ ಅಡುಗೆ ಮಾಡಿಕೊಳ್ಳಲು ಶುರು ಮಾಡುವಷ್ಟರಲ್ಲಿ ನಾವು ಕಿತ್ತುಬಿಡುತ್ತೇವೆ. ಮೊಮ್ಮಗಳು "ಗಾಳಿಯಿಂದ" ಎಂದದ್ದರ ತಿರುವುಮುರುವು ಇದು. ಗಾಳಿಯಿಂದ ಬಂದದ್ದಲ್ಲ, ಗಾಳಿಗೆ ಹೋದದ್ದು.

ಈ ಲೆಕ್ಕ ಹಾಕದೆ ಟ್ರೇ ಮೇವನ್ನು ಪವಾಡ ಎನ್ನುವವರಿದ್ದಾರೆ. ಒಂದಕ್ಕೆ ಹತ್ತು ಬರುತ್ತದೆ, ಬೇರೆ ಮೇವೇ ಬೇಡ ಎಂದು ಹೇಳಿ ಲಕ್ಷಾಂತರ ರೂಪಾಯಿಯ ಯಂತ್ರ ಮಾರುವವರೂ ಇದ್ದಾರೆ. ಹಾಗೆ ನಂಬಿ ರಾಗಿ ಹುಲ್ಲು ಕಡಿಮೆ ಮಾಡಿದರೆ ಹಸು ಬಡವಾಗುವುದು ಖಂಡಿತ. ಹೊಟ್ಟೆ ತುಂಬಿಸುವುದು ಒಣಹುಲ್ಲೇ.

"ಹಾಗಾದರೆ ಕಾಳನ್ನೇ ನುಚ್ಚು ಮಾಡಿ ಹಾಕಬಾರದೇ?" ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಶಕ್ತಿಯ ದೃಷ್ಟಿಯಿಂದ ನುಚ್ಚೇ ಮೇಲು. ಆದರೆ ಕಣ್ಣಿಗೆ ಒಂದು ಹಸಿರು ಎಸಳೂ ಕಾಣದ ಮೂರು ತಿಂಗಳಲ್ಲಿ ಹಸುವಿಗೆ ಹಸಿರು ಕೊಡುವ ಕೆಲವು ವಸ್ತುಗಳು ನುಚ್ಚಿನಲ್ಲಿ ಇಲ್ಲ. ಮುಖ್ಯವಾಗಿ ಬೀಟಾ ಕ್ಯಾರೊಟಿನ್. ಹಸುವಿನ ದೇಹ ಅದರಿಂದಲೇ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಜೊತೆಗೆ ರುಚಿ. ಬೆಳಿಗ್ಗೆ ನಾಲ್ಕು ಕಿಲೋ, ಸಂಜೆ ನಾಲ್ಕು ಕಿಲೋ ಮೇವನ್ನು ಕೈಯಲ್ಲಿ ಹರಿದು ರಾಗಿ ಹುಲ್ಲಿನೊಳಗೆ ಬೆರೆಸಿ ಹಾಕಿದರೆ ಗಂಗೆ ಗೋದಲಿಯ ತಳದವರೆಗೆ ನೆಕ್ಕುತ್ತಿದ್ದಳು. ಮೊದಲು ಅರ್ಧ ಹುಲ್ಲನ್ನು ಕಾಲಡಿಗೆ ಚೆಲ್ಲುತ್ತಿದ್ದವಳು! ಬೂಸಾ, ಹಿಂಡಿ ನಿಲ್ಲಿಸಲಿಲ್ಲ, ಸ್ವಲ್ಪ ಕಡಿಮೆ ಮಾಡಿದೆವು. ಹಾಲು ಏರಲಿಲ್ಲ. ಆದರೆ ಪ್ರತಿ ಬೇಸಿಗೆ ಇಳಿಯುವಷ್ಟು ಇಳಿಯಲೂ ಇಲ್ಲ.

ಖರ್ಚಿನ ಲೆಕ್ಕವೂ ಇರಲಿ. ಮುಸುಕಿನ ಜೋಳಕ್ಕೆ 2024-25ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ. ಆ ದರ ಹಿಡಿದರೆ ಒಂದು ಟ್ರೇಯ ಕಾಳಿಗೆ ಮೂವತ್ತಮೂರು ರೂಪಾಯಿ, ಕಿಲೋ ಮೇವಿಗೆ ನಾಲ್ಕು ರೂಪಾಯಿಯ ಆಸುಪಾಸು. ಯಾರೂ ಕೊಳ್ಳದ ಬಿಳಿ ಕಾಳಿಗೆ ನಮ್ಮ ಕೊಟ್ಟಿಗೆಯಲ್ಲೇ ಬೆಂಬಲ ಬೆಲೆ ಸಿಕ್ಕಿತು ಅನ್ನಿ.

ಎರಡು ಎಚ್ಚರಿಕೆ

ಅಜ್ಜ ಅಜ್ಜಿಯರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು.

ಮೊದಲನೆಯದು ಹೆಸರಿನದು. ನಮ್ಮ ಕಡೆ ಮುಸುಕಿನ ಜೋಳ, ಬೇರೆ ಕಡೆ ಮೆಕ್ಕೆಜೋಳ, ಉತ್ತರ ಕರ್ನಾಟಕದಲ್ಲಿ ಗೋವಿನ ಜೋಳ. ಮೂರೂ ಒಂದೇ. ಬರೀ "ಜೋಳ" ಎಂದರೆ ಮಾತ್ರ ರೊಟ್ಟಿಯ ಜೋಳ, ಅದು ಬೇರೆ ಬೆಳೆ. ಅದರ ಎಳೆಯ ಪೈರಿನಲ್ಲಿ ಜಗಿದಾಗ ಸಯನೈಡ್ ವಿಷ ಬಿಡುವ ವಸ್ತು ಇರುತ್ತದೆ. ಕಟಾವಾದ ಹೊಲದಲ್ಲಿ ಚಿಗುರಿದ ಕೂಳೆ ಜೋಳಕ್ಕೆ ದನ ಬಿಡಬೇಡಿ ಎಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. "ಜೋಳದ ಮೇವು ಟ್ರೇಯಲ್ಲಿ ಬೆಳೆಯುತ್ತಾರಂತೆ" ಎಂಬ ಅರ್ಧ ಮಾತು ಕೇಳಿ ಯಾರಾದರೂ ಬಿಳಿ ಜೋಳವನ್ನು ಮೊಳಕೆ ಬರಿಸಿ ದನಕ್ಕೆ ಹಾಕಿದರೆ ಗಂಟೆಗಳೊಳಗೆ ಪ್ರಾಣಕ್ಕೇ ಬರಬಹುದು. ಟ್ರೇಗೆ ಮುಸುಕಿನ ಜೋಳ ಮಾತ್ರ. ಮುಸುಕು ಹೊದ್ದ ತೆನೆಯದು, ನೆನಪಿರಲಿ.

ಎರಡನೆಯದು ಬೂಷ್ಟು. ಬೇರಿನ ಮೇಲಿನ ಬಿಳಿ ನವಿರುಗೂದಲನ್ನು ಬೂಷ್ಟೆಂದು ಹೆದರಬೇಕಿಲ್ಲ, ನೀರು ಚಿಮುಕಿಸಿದರೆ ಅದು ಮಲಗುತ್ತದೆ. ಆದರೆ ಹಸಿರು, ಕಪ್ಪು, ಹಳದಿ ಪುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ ಇಡೀ ಟ್ರೇ ತಿಪ್ಪೆಗೆ. ಅರ್ಧ ಕಿತ್ತು ಅರ್ಧ ಹಾಕುವ ಜಿಪುಣತನ ಬೇಡ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಹಸು ತಿಂದರೆ ಅದರ ಒಂದು ರೂಪ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯುವವರು ಮನೆಯ ಮಕ್ಕಳೇ ತಾನೆ? ಆದ್ದರಿಂದ ಟ್ರೇ ಖಾಲಿಯಾದ ಕೂಡಲೇ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಒಂದು ದಿನ ಬಿಸಿಲಿಗೆ ಹಾಕುತ್ತೇವೆ. ಎಂಟಕ್ಕೆ ಬದಲು ಹತ್ತು ಟ್ರೇ ತಂದದ್ದು ಇದೇ ಕಾರಣಕ್ಕೆ. ಗಾಳಿ ಆಡುವ ಜಾಗವೇ ಬೇಕು. ಮುಚ್ಚಿದ ಕೋಣೆಯಲ್ಲಿ ಬೆಳೆಸಹೊರಟ ಪಕ್ಕದ ಊರಿನವರೊಬ್ಬರು ಎರಡೇ ವಾರಕ್ಕೆ ಕೈಬಿಟ್ಟರು.

ಎಲ್ಲಿಯ ಹುಲ್ಲು, ಎಲ್ಲಿಯ ತೆನೆ

ನಾಟಿ ನಾಟಿ ಎನ್ನುತ್ತಿದ್ದೇನಲ್ಲ, ಮುಸುಕಿನ ಜೋಳದ ನಿಜವಾದ ತವರು ಮೆಕ್ಸಿಕೊ ದೇಶ. ಅಲ್ಲಿನ ಬಾಲ್ಸಾಸ್ ನದಿ ಕಣಿವೆಯ ರೈತರು ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ ಈ ಬೆಳೆ ಮಾಡಿದರು. ಆ ಹುಲ್ಲಿನ ತೆನೆಯಲ್ಲಿ ಕಲ್ಲಿನಂಥ ಚಿಪ್ಪಿನೊಳಗೆ ಹತ್ತು ಹನ್ನೆರಡು ಕಾಳು ಇದ್ದರೆ ಹೆಚ್ಚು. ಇಂದಿಗೂ ಅಲ್ಲಿ ಬಿಳಿ, ಹಳದಿ, ಕೆಂಪು, ನೀಲಿ ಬಣ್ಣದ ಹತ್ತಾರು ನಾಟಿ ಬಗೆಗಳಿವೆ. ಟ್ರೇ ಮೇವಿನ ಪದ್ಧತಿಯೂ ಲ್ಯಾಟಿನ್ ಅಮೆರಿಕದ ಸಣ್ಣ ರೈತರಿಗೆ ಹೊಸದಲ್ಲ. ಅವರಿಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2001ರಲ್ಲೇ ಒಂದು ಕೈಪಿಡಿ ತಂದಿತ್ತು.

ನಮ್ಮ ಹತ್ತಿರದ ಸೋಮನಾಥಪುರದ ಹೊಯ್ಸಳ ದೇವಾಲಯಕ್ಕೆ ಹೋದರೆ ಶಿಲ್ಪಗಳ ಕೈಯಲ್ಲಿ ಥೇಟ್ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ದೇವಾಲಯ 13ನೆಯ ಶತಮಾನದ್ದು. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ. ಹಾಗಾದರೆ? ಅದು ಜೋಳವೇ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಅಲ್ಲ, ಅದು ಮುತ್ತು ಪೋಣಿಸಿದಂತೆ ಕೆತ್ತಿದ ಮುಕ್ತಾಫಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಮುಂದಿನ ಪ್ರವಾಸದಲ್ಲಿ ನೀವೇ ನೋಡಿ ಜಗಳವಾಡಿ.

ಬಿಳಿ ತೆನೆಯ ಹಳದಿ ಕಾಳು

ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲಿರುತ್ತದಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುತ್ತದೆ. ಗಿಡದ ತಲೆಯ ಮೇಲಿನ ಸೂಲಂಗಿಯಿಂದ ಉದುರುವ ಪರಾಗ ಆ ಎಳೆಗೆ ಅಂಟಿದರೆ ಮಾತ್ರ ಕಾಳು ಕಟ್ಟುತ್ತದೆ. ಪರಾಗ ತರುವುದು ಗಾಳಿ. ಗಾಳಿಗೆ ಬದುವಿನ ಗೊಡವೆ ಇಲ್ಲ. ಸುತ್ತಲೂ ಹಳದಿ ಹೈಬ್ರಿಡ್ ಇರುವಾಗ ನಮ್ಮ ಬಿಳಿ ತೆನೆಯ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಕಾಣಿಸಿಕೊಳ್ಳುತ್ತದೆ. ಹಳದಿ ಬಣ್ಣ ಬಿಳಿಯನ್ನು ಮರೆಮಾಡುವ ಗುಣದ್ದು, ಅದೂ ಅದೇ ವರ್ಷವೇ ಕಾಳಿನಲ್ಲಿ ತೋರುತ್ತದೆ. ಆ ಹಳದಿ ಕಾಳನ್ನು ಬಿತ್ತಿದರೆ ಕೆಲವೇ ವರ್ಷಗಳಲ್ಲಿ ನಾಟಿ ತಳಿ ಬೆರಕೆಯಾಗಿ ಕರಗಿಹೋಗುತ್ತದೆ.

ಈ ಹಳದಿ ಕಾಳುಗಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಟ್ರೇ ಉತ್ತರ ಕೊಟ್ಟಿತು. ಸುಗ್ಗಿ ಮುಗಿದ ಮೇಲೆ ಅಜ್ಜಿ, ಮೊಮ್ಮಗಳು ಜಗಲಿಯಲ್ಲಿ ಕೂತು ಆರಿಸುತ್ತಾರೆ. ತೆನೆಯ ಬುಡದ ದಪ್ಪ ಕಾಳು, ತುದಿಯ ಪುಟಾಣಿ ಕಾಳು, ಹಳದಿ ಕಾಳು ಎಲ್ಲ ಮೇವಿನ ಮೊರಕ್ಕೆ. ನಡುವಿನ ಬಿಳಿ ಕಾಳು ಬಿತ್ತನೆಯ ಮೊರಕ್ಕೆ. ಒಂದೆರಡು ಚೆಂದದ ತೆನೆಯಿಂದಲೇ ಬೀಜ ತೆಗೆಯುವಂತಿಲ್ಲ. ಹಾಗೆ ಮಾಡಿದರೆ ಈ ಬೆಳೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅದಕ್ಕೆ ನೂರು ತೆನೆಗಳಿಂದ ತಲಾ ನೂರು ಕಾಳು. ಎಷ್ಟು ತೂಕವಾಯಿತು? ಸಾವಿರ ಕಾಳಿಗೆ ಇನ್ನೂರು ಗ್ರಾಂ ಎಂದು ಆಗಲೇ ಹೇಳಿದ್ದೇನೆ.

ಎರಡು ಕಿಲೋ. ಹತ್ತು ಗುಂಟೆಗೆ ಅಷ್ಟು ಸಾಕು. ಮೂರು ತಿಂಗಳ ಮೇವಿಗೆ 135 ಕಿಲೋ ಹೋಗುತ್ತದೆ, ಉಳಿದದ್ದು ಮನೆಯ ಬಾಯಿಗೆ. ಬಿತ್ತನೆಯನ್ನು ಅಕ್ಕಪಕ್ಕದವರಿಗಿಂತ ಮೂರು ವಾರ ಹಿಂದೆ ಮುಂದೆ ಮಾಡಿದರೆ ಎರಡೂ ಹೊಲ ಒಟ್ಟಿಗೆ ಹೂ ಬಿಡುವುದಿಲ್ಲ, ಬೆರಕೆ ಕಡಿಮೆಯಾಗುತ್ತದೆ. ಈ ಸಲ ಹಾಗೆ ಮಾಡಿದೆವು. ಲದ್ದಿ ಹುಳುವಿನ ಕಾಟ ಮಾತ್ರ ತಪ್ಪಲಿಲ್ಲ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಈ ಹುಳುವಿನ ತವರೂ ಅಮೆರಿಕ ಖಂಡವೇ. ಬೆಳೆಯನ್ನು ಹುಡುಕಿಕೊಂಡು ಇಷ್ಟು ತಡವಾಗಿ ಬಂತು, ಆದರೂ ಬಂತು.

ಗಂಗೆ ಮಾರಾಟವಾಗಲಿಲ್ಲ. ಅದಕ್ಕೆ ಟ್ರೇ ಒಂದೇ ಕಾರಣವಲ್ಲ, ಮಗ ಎರಡು ಗಾಡಿ ರಾಗಿ ಹುಲ್ಲನ್ನು ಸಾಲ ಮಾಡಿ ತಂದ. ಆದರೆ ಹತ್ತು ಗುಂಟೆಯ ಮಾತನ್ನು ಅವನು ಮತ್ತೆ ಎತ್ತಿಲ್ಲ. ಈ ಸುಗ್ಗಿಯಲ್ಲಿ ಮೊಮ್ಮಗಳು ನೂರು ತೆನೆಯ ಹಳದಿ ಕಾಳುಗಳನ್ನು ಒಂದೊಂದಾಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ: 412. ಮುಂದಿನ ವರ್ಷ ಎಷ್ಟಾಗುತ್ತದೋ ನೋಡಬೇಕು ಎನ್ನುತ್ತಾಳೆ.